ಎಷ್ಟು ದಿನದ ನೆಲ

ಏಳನೆಯ ಮಹಡಿ. ಲಿಫ್ಟು ಕೆಟ್ಟಿತ್ತು, ಎಂದಿನಂತೆ.
ಗರಗಸ, ರಬ್ಬರಿನ ಸುತ್ತಿಗೆ, ಅಂಟಿನ ಡಬ್ಬ
ಹೊತ್ತು ಹತ್ತಿದೆವು. ಹಾಮ್ದಿಯಾ ಮೇಸ್ತ್ರಿ ಮುಂದೆ,
ಹಿಂದೆ ನಾನು, ಮೆಟ್ಟಿಲಿಗೊಂದು ಬೈಗುಳ.
ಬಾಗಿಲಲ್ಲಿ ಷೆಫಿಕಾ: ಬೂಟು ಅಲ್ಲೇ ಬಿಡಿ.
ಕಿತ್ತುಹಾಕಲು ಬಂದ ನೆಲಕ್ಕೂ
ಮರ್ಯಾದೆ ಕೊಡಬೇಕು ಸರಾಯೆವೊದಲ್ಲಿ.

ಮೇಲೆ ಕಂದು ಜಮಖಾನ,
ಕೆಳಗೆ ಹೂಹೂವಿನ ಲಿನೋಲಿಯಂ, ಅದರಡಿಗೆ
ಮರವಿರಬೇಕಿತ್ತು. ಆ ಕಾಲದ ಫ್ಲ್ಯಾಟುಗಳಲ್ಲಿ
ಎಲ್ಲ ಕಡೆ ಓಕ್,
ಮೀನಿನ ಮುಳ್ಳಿನ ಹಾಗೆ ಜೋಡಿಸಿದ್ದು.
ಮೇಸ್ತ್ರಿ ಚಾಕುವಿನಲ್ಲಿ ಸೀಳಿ ಮಡಚಿದರೆ
ಬರೀ ಸಿಮೆಂಟು, ಅಲ್ಲಲ್ಲಿ ಕರಿ ಡಾಂಬರು,
ಹಲ್ಲು ಕಿತ್ತ ವಸಡು.

ನಾನು ಹುಟ್ಟಿದ್ದು ಅದೆಲ್ಲ ಮುಗಿದ ಮೇಲೆ.
ಕೇಳಿಬಿಟ್ಟೆ: ಕದ್ದರಾ?
ಮೇಸ್ತ್ರಿ ಕಾಲಿನಿಂದ ನನ್ನ ಕಾಲು ತಿವಿದ. ತಡವಾಗಿತ್ತು.

ತಿಂದೆವು, ಅಂದಳು.

ಟೇಪು ಎಳೆದು ಮೇಸ್ತ್ರಿ ಕೂಗುತ್ತಾನೆ:
ನಾಲ್ಕು ಇಪ್ಪತ್ತು, ಮೂರು ಹತ್ತು.
ನಾನು ಬರೆಯುತ್ತೇನೆ, ಹದಿಮೂರು ಚದರ ಮೀಟರು.
ಆಕೆಯ ಲೆಕ್ಕ ಬೇರೆ.
ಈ ಕೋಣೆ ಹತ್ತೊಂಬತ್ತು ದಿನ.
ನಡುಮನೆ ತಿಂಗಳಿಗೆ ಸಾಲಬೇಕಿತ್ತು,
ಅಕ್ಕನ ಮಗುವಿಗೆ ಜ್ವರ ಬಂತು,
ಇಪ್ಪತ್ತೆರಡಕ್ಕೇ ಬರಿದು.
ಆರು ತುಂಡಿಗೆ ಒಂದು ಪಾತ್ರೆ ಕಾಳು.
ನಾಲ್ಕಕ್ಕೆ ಅನ್ನ, ಗಂಟುಗಂಟು.
ಮಗುವಿನ ಮೈ ತೊಳೆಯಲು ಹದಿನಾಲ್ಕು, ಅದೂ ವಾರಕ್ಕೊಮ್ಮೆ.
ಕಾಫಿಗೆ ಒಂದೂವರೆ. ಕಾಫಿ ಎಲ್ಲಿತ್ತು?
ಹುರಿದ ಮಸೂರ ಬೇಳೆಯ ಪುಡಿ.
ಆದರೂ ಜೆಜ್ವೆಯಲ್ಲೇ ಕಾಸಿ ಪುಟ್ಟ ಬಟ್ಟಲಿಗೆ ಬಗ್ಗಿಸಿ...
ನಾವೇನು ಮನುಷ್ಯರಲ್ಲವೇನಪ್ಪಾ.

ಅದಕ್ಕೂ ಮೊದಲು ಕಪಾಟು, ಒಳಬಾಗಿಲು,
ಗಂಡನ ಅಕಾರ್ಡಿಯನ್ನಿನ ಪೆಟ್ಟಿಗೆ.
ಪೆಟ್ಟಿಗೆ ಮಾತ್ರ, ಅಂತ ಎರಡು ಸಲ ಹೇಳಿದಳು.

ಕಿಟಕಿ ಪಕ್ಕದ ಅಲಮಾರು ಸರಿಸಿದಾಗ ಸಿಕ್ಕವು
ಹನ್ನೊಂದು ತುಂಡು ಓಕ್, ಮೇಣದ ಹೊಳಪು ಸಮೇತ.
ಗುಂಡಿಗೆ ಅಡ್ಡ ಇಟ್ಟದ್ದು ಆ ಅಲಮಾರು.
ಸರಿಸುವ ಹಾಗಿರಲಿಲ್ಲ,
ಸುಡುವ ಹಾಗೂ.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡು
ಚೀಲದಿಂದ ಮಾದರಿ ತೆಗೆದ: ಲ್ಯಾಮಿನೇಟು ನೋಡಿ,
ಗೀರು ಬೀಳದು, ನೀರು ಕುಡಿಯದು,
ಬೆಂಕಿ ಕೂಡ ಸುಲಭಕ್ಕೆ ಹತ್ತದು,
ಮೇಲೆ ಥೇಟು ಮರದ ಚಿತ್ರ.
ಆಕೆ ಮೂಸಿದಳು. ಉಗುರಿನಿಂದ ಕೆರೆದಳು.
ಬೆಂಕಿ ಹತ್ತದಾ?
ಹಾಗಾದರೆ ಬೇಡ. ಉರಿಯುವಂಥದ್ದು ಹಾಕು.

ಅದಕ್ಕೆ ಎರಡೂವರೆ ಪಟ್ಟು ದುಡ್ಡು, ಅಂದ ಮೇಸ್ತ್ರಿ.
ತುಟಿಯಲ್ಲೇ ಪಿಂಚಣಿ ಎಣಿಸಿದಳು.
ಈ ವರ್ಷ ಮಲಗುವ ಕೋಣೆ.
ನಡುಮನೆ ದೇವರು ಕೊಟ್ಟಾಗ.

ನಾಲ್ಕು ದಿನ ಬಗ್ಗಿ ಕೂತು ಹಾಸಿದೆವು.
ಗೋಡೆಗೆ ಒಂದು ಬೆರಳು ಬಿಡು,
ಮರ ಸೆಕೆಗೆ ಹಿಗ್ಗುತ್ತದೆ, ಅಂತ ಮೇಸ್ತ್ರಿ ಗದರುವುದು,
ನಾನು ಮರೆಯುವುದು.
ಹೊಸ ಹಲಗೆಯ ವಾಸನೆಗೆ ಪಕ್ಕದ ಮನೆಯವರು
ಬಾಗಿಲಲ್ಲಿ ಬಂದು ನಿಂತರು, ಬೂಟು ಬಿಚ್ಚಿ,
ಒಳಗೆ ಕಾಲಿಡದೆ.

ಹಳೆಯ ಹನ್ನೊಂದನ್ನು ಹೊಸ್ತಿಲ ಬಳಿ ಸೇರಿಸೋಣವೆಂದ ಮೇಸ್ತ್ರಿ.
ದಪ್ಪ ಹೊಂದಲಿಲ್ಲ. ಕೀಸಿ ಸರಿಮಾಡುತ್ತೇನೆಂದ.
ಬೇಡವೆಂದಳು. ಮಡಿಲಿಗೆ ತುಂಬಿಕೊಂಡು ಹೋಗಿ
ಒಲೆಯ ಕೆಳಗಿನ ಖಾನೆಗೆ ಜೋಡಿಸಿದಳು,
ಕರೆಂಟಿನ ಒಲೆ ಅದು.
ಗರಗಸದ ಕಡೆಯ ಚೂರುಗಳನ್ನೂ
ಒಯ್ಯಗೊಡಲಿಲ್ಲ.

ಏಳು ಮಹಡಿ ಇಳಿಯುತ್ತ ಲೆಕ್ಕ ಹಾಕಿದೆ:
ಆರು, ಕಾಳಿಗೆ. ನಾಲ್ಕು, ಅನ್ನಕ್ಕೆ.
ಉಳಿದದ್ದು ಒಂದು.
ಕಾಫಿಗೆ ಅರ್ಧ ಕಡಿಮೆ.